ಸಹಾಯ ಬೇಕು: ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳನ್ನು (ಕ್ರಿಯಾಪದದ ಜೊತೆ ‘ಆಫ್’, ‘ಆಫ್ಟರ್’ ಥರದ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳನ್ನು) ಕಲಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಸೇರಿದ್ದಾಳೆ. ಗ್ರಾಮರ್ ಚೆನ್ನಾಗಿದೆ. ಆದರೆ ಫೋನಿನಲ್ಲಿ ಯಾರಾದರೂ ಬೇಗ ಬೇಗ ‘ಪುಟ್ ಆಫ್’, ‘ಕಾಲ್ ಆಫ್’ ಅಂದರೆ ಮುಂದೂಡಿದ್ದೋ ರದ್ದು ಮಾಡಿದ್ದೋ ಎಂದು ತಡವರಿಸುತ್ತಾಳೆ.

ಜಾಸ್ತಿ ಗೊಂದಲ ಪದಗಳ ಜಾಗದ್ದು. ‘ಟರ್ನ್ ಆಫ್ ದ ಲೈಟ್’, ‘ಟರ್ನ್ ದ ಲೈಟ್ ಆಫ್’ ಎರಡೂ ಸರಿ. ‘ಇಟ್’ ಬಂದರೆ ಮಾತ್ರ ‘ಟರ್ನ್ ಇಟ್ ಆಫ್’ ಎಂದೇ ಹೇಳಬೇಕು. ‘ಲುಕ್ ಆಫ್ಟರ್’ (ನೋಡಿಕೊಳ್ಳುವುದು) ಅನ್ನು ಹೀಗೆ ನಡುವೆ ಬೇರೆ ಪದ ಸೇರಿಸಿ ಹೇಳುವಂತೆಯೇ ಇಲ್ಲ, ಅಲ್ವಾ? ಇದನ್ನು ಕನ್ನಡದಲ್ಲಿ ವಿವರಿಸುವ ಪುಸ್ತಕ ಅಥವಾ ವಿಡಿಯೊ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಎ ಇಂದ ಝಡ್‌ವರೆಗಿನ ಪಟ್ಟಿ ಸುಮ್ನೆ ಬಾಯಿಪಾಠವಾಗುತ್ತದೆ, ಅದು ಬೇಡ. ಆಫೀಸು, ಬ್ಯಾಂಕು, ಪ್ರಯಾಣದ ಮಾತುಕತೆಗಳು ಆಡಿಯೊ ಸಮೇತ ಇದ್ದರೆ ತುಂಬಾ ಉಪಕಾರ. ಸಂಜೆ ಫೋನಿನಲ್ಲಿ ಅವಳ ಜೊತೆ ಇಂಗ್ಲಿಷ್ ಮಾತಾಡುವ ಅಕ್ಕಂದಿರು ಯಾರಾದರೂ ಇದ್ದೀರಾ?