ಸ್ಲೌನಿಂದ ಬ್ರೆಂಟ್‌ವುಡ್‌ಗೆ ಎಂ25ನಲ್ಲಿ ಓಡಾಡಬಹುದಾ? ಅನುಭವ ಇರುವವರು ಹೇಳಿ

ಸ್ಲೌ (ಕೇಳಿದವರು): ಎಲ್ಲರಿಗೂ ನಮಸ್ಕಾರ. ನಾವು ಸ್ಲೌನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನನಗೆ ಬ್ರೆಂಟ್‌ವುಡ್‌ನಲ್ಲಿ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಮಗಳು ಬರುವ ವರ್ಷ ಗ್ರಾಮರ್ ಸ್ಕೂಲ್ ಸೇರಲು ಬೇಕಾದ ಇಲೆವೆನ್ ಪ್ಲಸ್ ಪರೀಕ್ಷೆ ಬರೆಯುತ್ತಾಳೆ, ಇಲ್ಲಿನ ಗ್ರಾಮರ್ ಸ್ಕೂಲ್ ಆಸೆ ಬಿಟ್ಟು ಹೋಗಲು ಮನಸ್ಸಿಲ್ಲ. ಲಂಡನ್ ಸುತ್ತುವ ಎಂ25 ಮೋಟರ್‌ವೇಯಲ್ಲಿ ಜಂಕ್ಷನ್ 15ರಿಂದ 28ರವರೆಗೆ, ವ್ಯಾಟ್‌ಫರ್ಡ್ ಕಡೆಯಿಂದ ಸುತ್ತಿಕೊಂಡು ದಿನಾ ಹೋಗಿ ಬಂದವರು ಇದ್ದೀರಾ? ಮನೆ ಬದಲಿಸಬೇಕಾ?

ಚೆಲ್ಮ್ಸ್‌ಫರ್ಡ್: ಬದಲಿಸಿ, ಎರಡನೇ ಮಾತೇ ಬೇಡ. ನಾನು ಮೊದಲು ವ್ಯಾಟ್‌ಫರ್ಡ್‌ನಲ್ಲಿದ್ದೆ, ಆಫೀಸು ಬ್ರೆಂಟ್‌ವುಡ್ ಹತ್ತಿರವೇ. ಬೆಳಿಗ್ಗೆ ಏಳಕ್ಕೆ ಹೊರಟರೆ ಪಾಟರ್ಸ್ ಬಾರ್ ದಾಟಿದ ಮೇಲೆ ನಿಂತೇ ಬಿಡುತ್ತಿತ್ತು. ಜಂಕ್ಷನ್ 25ರ ಸುರಂಗದವರೆಗೂ ಮುಂದಿನ ಕಾರಿನ ಬ್ರೇಕ್ ದೀಪ ನೋಡಿಕೊಂಡೇ ಹೋಗಬೇಕು.

ಖರ್ಚು ಎಷ್ಟಾಗುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. 5 ಲಕ್ಷ ಪೌಂಡಿನ ಮನೆ. 2025ರ ಮಾರ್ಚ್ 31ರೊಳಗೆ ಮುಗಿದಿದ್ದರೆ ಸ್ಟಾಂಪ್ ಡ್ಯೂಟಿ 12,500. ನಮಗೆ ಮಾರುವವರು ಕೊಳ್ಳಬೇಕಿದ್ದ ಮನೆಯವರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು, ಒಂದಕ್ಕೊಂದು ಕಾಯುವ ಮನೆ ಮಾರಾಟಗಳ ಇಡೀ ಚೈನ್ ಏಪ್ರಿಲ್‌ಗೆ ಜಾರಿತು, 15,000 ಆಯಿತು. ಎರಡೂವರೆ ಸಾವಿರ ಸುಮ್ನೆ ಹೋಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಾಲಿಸಿಟರ್‌ಗೆ 1,900, ಸರ್ವೇಗೆ 650, ಸಾಮಾನು ಸಾಗಿಸಲು 1,140. ಆ ಸರ್ವೇ ಮಾಡಿದವರ ಕಣ್ಣಿಗೆ ಹಿಂದಿನ ಗೋಡೆಯ ತೇವ ಬೀಳಲೇ ಇಲ್ಲ, ಅದಕ್ಕೆ ಇನ್ನೂ 2,300. ಇಷ್ಟಾದರೂ ಸಂಜೆ ಆರಕ್ಕೆ ಮಗನ ಜೊತೆ ಊಟಕ್ಕೆ ಕೂರುತ್ತೇನೆ. ಮೊದಲು ನಾನು ಮನೆ ಸೇರುವ ಹೊತ್ತಿಗೆ ಅವನು ಮಲಗಿರುತ್ತಿದ್ದ.

ಸ್ಟೇನ್ಸ್ (ಟ್ಯಾಕ್ಸಿ): ಏನ್ರೀ, ಎಲ್ಲರೂ ಆ ರಸ್ತೆಯನ್ನು ಬೈಯುವವರೇ. ಹೀಥ್ರೂನಿಂದ ಗ್ಯಾಟ್ವಿಕ್, ಹೀಥ್ರೂನಿಂದ ಸ್ಟ್ಯಾನ್‌ಸ್ಟೆಡ್, ನನ್ನ ಅನ್ನ ನಡೆಯುವುದೇ ಎಂ25ನಿಂದ. 1986ರಲ್ಲಿ ಸುತ್ತು ಪೂರ್ತಿ ಆಗುವ ಮೊದಲು ಈ ಗಾಡಿಗಳೆಲ್ಲ ಊರೊಳಗೆ ನುಗ್ಗಬೇಕಿತ್ತು ಅಂತ ನಮ್ಮ ಹಳೇ ಡ್ರೈವರ್‌ಗಳು ಹೇಳುತ್ತಾರೆ. ಅದು 117 ಮೈಲಿ ರಸ್ತೆ, ಒಂದು ಕಡೆ ಕೆಟ್ಟರೆ ಪೂರ್ತಿ ಕೆಟ್ಟಿದೆ ಅಂತಲ್ಲ.

ಹೀಥ್ರೂ ಪಕ್ಕ, 14ರಿಂದ 15ರ ನಡುವೆ ಒಂದೊಂದು ಕಡೆಗೂ ಆರಾರು ಲೇನ್ ಇದೆ. ಆದರೂ ಯಾಕೆ ನಿಲ್ಲುತ್ತದೆ ಗೊತ್ತಾ? ಎಡಗಡೆ ಲೇನ್ ಖಾಲಿ ಬಿಟ್ಟು ನಡುವೆ ಅರವತ್ತರಲ್ಲಿ ಕೂತಿರುತ್ತಾರಲ್ಲ, ಅವರಿಂದ. ರಸ್ತೆ ಮೇಲಿನ ಗ್ಯಾಂಟ್ರಿ ಬೋರ್ಡಿನಲ್ಲಿ ವೇಗದ ಮಿತಿ 50 ಅಂತ ಬಂದ ತಕ್ಷಣ ಒಬ್ಬರು ಗಕ್ಕನೆ ಬ್ರೇಕ್ ಒತ್ತುತ್ತಾರೆ, ಹಿಂದಿನವರು ಅವರಿಗಿಂತ ಜೋರಾಗಿ ಒತ್ತುತ್ತಾರೆ, ಅರ್ಧ ಮೈಲಿ ಹಿಂದೆ ಇರುವವರು ಪೂರ್ತಿ ನಿಲ್ಲುತ್ತಾರೆ. ಮುಂದೆ ಹೋಗಿ ನೋಡಿದರೆ ಆಕ್ಸಿಡೆಂಟೂ ಇಲ್ಲ, ಏನೂ ಇಲ್ಲ. ನಡು ಲೇನ್ ಹಿಡಿದು ಕೂತರೆ 100 ಪೌಂಡ್ ದಂಡ, ಲೈಸೆನ್ಸ್ ಮೇಲೆ 3 ಪಾಯಿಂಟ್. ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಬೆಳಿಗ್ಗೆ ಐದೂಕಾಲಿಗೆ ಹೊರಡಿ, ಆರಾಮಾಗಿ ತಲುಪುತ್ತೀರಿ.

ಗ್ರೇವ್ಸೆಂಡ್: ಐದೂಕಾಲಿಗೆ ಹೊರಡಿ ಅನ್ನುವುದು ಸುಲಭ ಸರ್. ನಾನು ನರ್ಸ್, ನಮ್ಮ ಟೈಮ್ ನಮ್ಮ ಕೈಲಿರಲ್ಲ. ಆಸ್ಪತ್ರೆ ಎಸೆಕ್ಸ್ ಕಡೆ, ದಿನಾ ಡಾರ್ಟ್‌ಫರ್ಡ್‌ನಲ್ಲಿ ನದಿ ದಾಟಬೇಕು. ಅಲ್ಲಿ ರಸ್ತೆಯ ಹೆಸರೂ ಎಂ25 ಅಲ್ಲ, ಎ282. ದಾಟಲು ಶುಲ್ಕ ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಫ್ರೀ. ನನ್ನ ನೈಟ್ ಶಿಫ್ಟ್ ಏಳೂವರೆಗೆ ಶುರು, ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ, ಎರಡು ಸಲವೂ ದುಡ್ಡು ಕಟ್ಟಬೇಕು. ಎರಡೂವರೆ ಪೌಂಡ್ ಇದ್ದದ್ದು 2025ರ ಸೆಪ್ಟೆಂಬರ್‌ನಿಂದ ಮೂರೂವರೆ. ಅಕೌಂಟ್ ಇದ್ದರೆ ಸ್ವಲ್ಪ ಕಮ್ಮಿ, ಅಷ್ಟೇ. ಡಾರ್ಟ್‌ಫರ್ಡ್ ಮತ್ತು ಥರಾಕ್‌ನವರಿಗೆ ರಿಯಾಯಿತಿ ಇದೆ, ಪಕ್ಕದಲ್ಲೇ ಇರುವ ಗ್ರೇವ್ಸೆಂಡ್‌ಗೆ ಇಲ್ಲ. ಸೇತುವೆಯ ಸಾಲ ತೀರಿದ ಮೇಲೂ ವಸೂಲಿ ನಿಂತಿಲ್ಲ, 2003ರಿಂದ ಟ್ರಾಫಿಕ್ ಕಮ್ಮಿ ಮಾಡುವ ಶುಲ್ಕ ಅಂತ ಹೆಸರು ಬದಲಾಯಿತು. ಟ್ರಾಫಿಕ್ ಕಮ್ಮಿ ಆಗಿದೆಯಾ? ಬಂದು ನೋಡಿ.

ಕಳೆದ ಚಳಿಗಾಲ ಯಾರೋ ಹಿಂದಿನಿಂದ ಗುದ್ದಿ ನನ್ನ ಕಾರು ಗ್ಯಾರೇಜ್ ಸೇರಿತು. ಗ್ಯಾರೇಜಿನವರು ಕೊಟ್ಟ ಬದಲಿ ಕಾರಿನ ನಂಬರಿಗೆ ನಾನು ಸರಿಯಾಗಿ ದುಡ್ಡು ಕಟ್ಟುತ್ತಿದ್ದೆ. ಮಧ್ಯದಲ್ಲಿ ಅದನ್ನು ಸರ್ವಿಸ್‌ಗೆ ಅಂತ ತೆಗೆದುಕೊಂಡು ಅದೇ ಬಣ್ಣದ, ಅದೇ ಮಾಡೆಲ್‌ನ ಇನ್ನೊಂದು ಕಾರು ಮನೆ ಮುಂದೆ ನಿಲ್ಲಿಸಿ ಹೋದರು. ನಂಬರ್ ಬೇರೆ ಅಂತ ಒಂದು ಮಾತು ಹೇಳಲಿಲ್ಲ. 70 ಪೌಂಡಿನ ನೋಟಿಸು ಒಂದರ ಹಿಂದೆ ಒಂದು. ಹದಿನಾಲ್ಕು ದಿನದಲ್ಲಿ ಕಟ್ಟಿದರೆ 35, ಆದರೆ ನೋಟಿಸು ಗ್ಯಾರೇಜಿನ ವಿಳಾಸಕ್ಕೆ ಹೋಗಿ ನನ್ನ ಕೈಗೆ ಬರುವಷ್ಟರಲ್ಲಿ ಆ ದಿನವೂ ಮುಗಿದಿತ್ತು. ಮೇಲೆ ಅವರ ಅಡ್ಮಿನ್ ಫೀ ಬೇರೆ!

ಸ್ಲೌ (ಕೇಳಿದವರು): ಮೇಡಂ, ಕೇಳಿ ಬೇಜಾರಾಯಿತು. ಆದರೆ ನಾನು ಡಾರ್ಟ್‌ಫರ್ಡ್ ಕಡೆ ಹೋಗುವುದೇ ಇಲ್ಲ, ಉತ್ತರದ ಕಡೆಯಿಂದ ಹೋಗುತ್ತೇನೆ.

ಗ್ರೇವ್ಸೆಂಡ್: ಗೊತ್ತು. ಆದರೆ ಗಾಳಿ 60 ಮೈಲಿ ದಾಟಿದರೆ ಸೇತುವೆ ಮುಚ್ಚುತ್ತಾರೆ. ಆಗ ಎರಡು ಕಡೆಯ ಗಾಡಿಗಳೂ ಸುರಂಗದಲ್ಲೇ ಹೋಗಬೇಕು. ಸಾಲು ಬ್ರೆಂಟ್‌ವುಡ್ ಕಡೆಗೂ ಬೆಳೆಯುತ್ತದೆ, ನಿಮಗೂ ತಟ್ಟುತ್ತದೆ.

ಎನ್‌ಫೀಲ್ಡ್: ಸ್ಟೇನ್ಸ್‌ನವರು ಲೇನ್ ಶಿಸ್ತಿನ ಪಾಠ ಹೇಳುತ್ತಿದ್ದಾರೆ. 23ರಿಂದ 27ರವರೆಗೆ ಗಾಡಿ ಕೆಟ್ಟರೆ ನಿಲ್ಲಿಸುವ ಅಂಚಿನ ಪಟ್ಟಿ, ಹಾರ್ಡ್ ಶೋಲ್ಡರನ್ನೇ ಲೇನ್ ಮಾಡಿಬಿಟ್ಟಿದ್ದಾರೆ ಅನ್ನುವುದನ್ನು ಯಾಕೆ ಹೇಳುವುದಿಲ್ಲ? ಕೇಳಿದವರ ದಾರಿ ಅದೇ ಅಲ್ವಾ. ನವೆಂಬರ್ ರಾತ್ರಿ, ಮಳೆ, ನಾವು ಮೂವರು ಮನೆಗೆ ಬರುತ್ತಿದ್ದೆವು. 26 ದಾಟಿ ಸ್ವಲ್ಪ ದೂರಕ್ಕೆ ಆಕ್ಸಿಲರೇಟರ್ ಒತ್ತಿದರೂ ಕಾರು ಏಳಲಿಲ್ಲ. ಕಿತ್ತಳೆ ಬಣ್ಣದ ತಂಗುಜಾಗ ಮುಂದೆ ಕಾಣುತ್ತಿತ್ತು, ಅಲ್ಲಿಯವರೆಗೆ ಉರುಳಲಿಲ್ಲ. ಎಡಗಡೆ ಲೇನ್‌ನಲ್ಲೇ ನಿಂತಿತು. ಎಡಗಡೆ ಬಾಗಿಲಿನಿಂದ ಇಳಿದು ಬ್ಯಾರಿಯರ್ ಹಾರಿ ಹಿಂದಿನ ಹುಲ್ಲಿನ ದಿಬ್ಬ ಹತ್ತಿದೆವು. ಮಗಳ ಒಂದು ಶೂ ಕೆಸರಲ್ಲಿ ಸಿಕ್ಕಿಕೊಂಡಿತು, ನನ್ನ ಹೆಂಡತಿ ತೆಗೆಯಲು ಬಗ್ಗಿದಳು, ಅಷ್ಟರಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತಾ ನಮ್ಮ ಕಾರಿನ ಕನ್ನಡಿಯ ಪಕ್ಕದಲ್ಲೇ ಹೋಯಿತು. ಆಮೇಲೆ ಲೇನ್ ಮುಚ್ಚಿದೆ ಅನ್ನುವ ಕೆಂಪು ಇಂಟು ಮಾರ್ಕ್ ಬೋರ್ಡಿನಲ್ಲಿ ಬಂತು. ಅದು ಬಂದ ಮೇಲೂ ಜನ ಅದೇ ಲೇನ್‌ನಲ್ಲಿ ಬರುತ್ತಿದ್ದರು. ಗೇರ್‌ಬಾಕ್ಸ್‌ಗೆ 2,780 ಪೌಂಡ್ ಆಯಿತು, ಅದು ಹೋಗಲಿ. ಮಗಳು ಈಗಲೂ ಎಂ25 ಅಂದರೆ ಬೇಡ ಅನ್ನುತ್ತಾಳೆ. ಇಂಥ ಹೊಸ ಸ್ಮಾರ್ಟ್ ಮೋಟರ್‌ವೇ ಮಾಡುವುದಿಲ್ಲ ಅಂತ 2023ರಲ್ಲಿ ಸರ್ಕಾರವೇ ಹೇಳಿತು. ಇರುವ ಕಡೆ ಮಾತ್ರ ಹಾರ್ಡ್ ಶೋಲ್ಡರ್ ವಾಪಸ್ ಕೊಟ್ಟಿಲ್ಲ.

ಸ್ಟೇನ್ಸ್ (ಟ್ಯಾಕ್ಸಿ): ಮಗುವಿಗೆ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ಆದರೆ ಗಾಡಿ ಸರಿಯಾಗಿ ಸರ್ವಿಸ್ ಮಾಡಿಸಿದ್ದರೆ ನಡುರಸ್ತೆಯಲ್ಲಿ ನಿಲ್ಲುವುದಿಲ್ಲ. ನಮ್ಮೂರಲ್ಲಿ ಸಿಲ್ಕ್ ಬೋರ್ಡ್ ನೋಡಿ ಬಂದವರಿಗೆ ಇದೆಲ್ಲ ಒಂದು ಟ್ರಾಫಿಕ್ಕಾ?

ಎನ್‌ಫೀಲ್ಡ್: ಸರ್ವಿಸ್ ಬುಕ್ ಪೂರ್ತಿ ಇದೆ, ಬೇಕಿದ್ದರೆ ಫೋಟೋ ಹಾಕುತ್ತೇನೆ. ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಕೆಟ್ಟರೆ ನಾಲ್ಕು ಜನ ಬಂದು ತಳ್ಳುತ್ತಾರೆ. ಇಲ್ಲಿ ಎಪ್ಪತ್ತರಲ್ಲಿ ಲಾರಿ, ಕಾರು ಬರುತ್ತಿರುತ್ತವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸ್ಟೇನ್ಸ್ (ಟ್ಯಾಕ್ಸಿ): ಲಾರಿಗೆ ಎಪ್ಪತ್ತಿಲ್ಲ, ಅರವತ್ತು.

ರೆಡಿಂಗ್: ಜಗಳ ಬಿಡಿ. ಸ್ಲೌ, ಬ್ರೆಂಟ್‌ವುಡ್ ಎರಡೂ ಎಲಿಜಬೆತ್ ಲೈನ್ ಮೇಲೇ ಇವೆಯಲ್ಲ! ಮಧ್ಯೆ ಒಂದು ಕಡೆ ರೈಲು ಬದಲಿಸಿದರಾಯಿತು. ನಾನು ರೋಮ್‌ಫರ್ಡ್‌ಗೆ ಹಾಗೇ ಹೋಗುತ್ತೇನೆ, ಕಾರು ಮಾರಿಬಿಟ್ಟೆ. ಇನ್ಶೂರೆನ್ಸ್ 870, ಟೈರು, ವರ್ಷದ ಎಂಒಟಿ ತಪಾಸಣೆ ಎಲ್ಲಾ ಉಳಿಯಿತು. ಕೂತು ಕೆಲಸ ಮಾಡುತ್ತೇನೆ, ಅಮ್ಮನಿಗೆ ಊರಿಗೆ ಫೋನ್ ಮಾಡುತ್ತೇನೆ.

ಚೆಲ್ಮ್ಸ್‌ಫರ್ಡ್: ಆ ರೈಲಿನಲ್ಲಿ ಟಾಯ್ಲೆಟ್ ಇಲ್ಲ. ಒಂದೂವರೆ ಗಂಟೆ ಮೇಲೆ ಆಗುತ್ತದೆ, ನನ್ನಂಥ ಶುಗರ್ ಇರುವವರು ಏನು ಮಾಡಬೇಕು? ಸ್ಟ್ರೈಕ್ ಬಂದರೆ?

ರೆಡಿಂಗ್: ನಡುವೆ ಇಳಿದರೆ ಟಾಯ್ಲೆಟ್ ಇರುವ ಸ್ಟೇಷನ್‌ಗಳು ಸಿಗುತ್ತವೆ, ಮುಂದಿನ ರೈಲೂ ಬೇಗ ಬರುತ್ತದೆ. ನೀವು ಮನೆಗೆ ಸುರಿದ ದುಡ್ಡಿನಲ್ಲಿ ನಾನು ಎಷ್ಟು ವರ್ಷ ಟಿಕೆಟ್ ತೆಗೆದುಕೊಳ್ಳಬಹುದು, ಲೆಕ್ಕ ಹಾಕಿ.

ಚೆಲ್ಮ್ಸ್‌ಫರ್ಡ್: ಮನೆ ನನ್ನ ಹೆಸರಲ್ಲಿ ಉಳಿಯುತ್ತದೆ, ಟಿಕೆಟ್ ಉಳಿಯುತ್ತದಾ?

ಸ್ಲೌ (ಕೇಳಿದವರು): ಎಲ್ಲರಿಗೂ ಥ್ಯಾಂಕ್ಸ್. ರೈಲಿನ ದಾರಿ ನನಗೆ ಹೊಳೆದೇ ಇರಲಿಲ್ಲ. ಇಷ್ಟು ಹೇಳಿ, ಮೂರು ದಿನ ನಾನೇ ಆರಿಸಬಹುದು ಅಂದರೆ ಯಾವ ದಿನ ಒಳ್ಳೆಯದು?

ಸ್ಟೇನ್ಸ್ (ಟ್ಯಾಕ್ಸಿ): ಸೋಮವಾರ ತೆಗೆದುಕೊಳ್ಳಿ. ಶುಕ್ರವಾರ ಬೆಳಿಗ್ಗೆ ಖಾಲಿ, ಆದರೆ ಮಧ್ಯಾಹ್ನ ಮೂರರ ಮೇಲೆ ಆ ಕಡೆ ತಲೆ ಹಾಕಬೇಡಿ.

ಎನ್‌ಫೀಲ್ಡ್: ಸೋಮವಾರ ಖಾಲಿ ಅಂತ ಯಾರು ಹೇಳಿದ್ದು ನಿಮಗೆ? ನಾನು 25ರ ಪಕ್ಕದಲ್ಲೇ ಇದ್ದೇನೆ, ಕಿಟಕಿಯಿಂದ ಕಾಣುತ್ತದೆ.