ಮಣ್ಣಿನ ಊಟದಲ್ಲಿ ಐದು ರೂಪಾಯಿ ಪ್ಯಾಕೆಟ್: ಏನು ಮಾಡಲಿ?

ನಲಿಕಲಿ_ಟೀಚರ್ (ಕೊಪ್ಪಳ)

ನಮಸ್ಕಾರ ಎಲ್ಲರಿಗೂ. ಕೊಪ್ಪಳದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಒಟ್ಟು 27 ಮಕ್ಕಳು. ಹೋದ ವರ್ಷ ಆಹಾರದ ಪಾಠಕ್ಕೆ ಅಂತ ನೆಟ್‌ನಲ್ಲಿ ಸಿಕ್ಕಿದ ಚಿತ್ರ ಪ್ರಿಂಟ್ ತೆಗೆಸಿ ಬಣ್ಣ ತುಂಬಿಸಿದ್ದೆ. ಅದರಲ್ಲಿ ಬ್ರೊಕೊಲಿ ಇತ್ತು. "ಇದು ಜಾಲಿಗಿಡ ಅಲ್ಲೇನ್ರೀ ಟೀಚರ್?" ಅಂತ ಒಬ್ಬಳು ಕೇಳಿದಳು. ಅವಳದೇನು ತಪ್ಪು, ಹೇಳಿ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಜೇಡಿಮಣ್ಣು ತರಿಸಿದೆ. "ನಿಮ್ಮ ನಿನ್ನೆಯ ಊಟ ಮಾಡಿ ತೋರಿಸಿ" ಅಂದೆ. ರೊಟ್ಟಿ ತಟ್ಟಿದರು, ಮೇಲೆ ಬೆರಳಿನ ಗುರುತೂ ಇತ್ತು. ಒಬ್ಬಳು ಬೇವಿನ ಎಲೆ ಹರಿದು ಮಣ್ಣಿಗೆ ಕಲಸಿ ಪುಂಡಿಪಲ್ಯ ಅಂದಳು. ಎರಡನೇ ತರಗತಿಯ ಒಬ್ಬ ಹುಡುಗ ಮಾತ್ರ ಸಣ್ಣ ದಿಂಬಿನಂಥದ್ದು ಮಾಡಿ, ಎರಡೂ ತುದಿಗೆ ಕಡ್ಡಿಯಿಂದ ಸಾಲಾಗಿ ಗೀರು ಹಾಕಿದ್ದ. ಅಂಗಡಿಯ ಐದು ರೂಪಾಯಿ ಪ್ಯಾಕೆಟ್! ಆ ಗೀರು ಎಷ್ಟು ಚೆಂದ ಇತ್ತು ಅಂದರೆ, ಹೊಗಳಬೇಕಿತ್ತು. ನನ್ನ ಬಾಯಿಗೆ ಬಂದದ್ದು "ಛೀ, ಇದು ಕೆಟ್ಟದ್ದು, ತೆಗಿ."

ಅವನು ಅದನ್ನು ಹಿಚುಕಿ ಉಂಡೆ ಮಾಡಿಟ್ಟ. ಆಮೇಲೆ ಮಣ್ಣು ಮುಟ್ಟಲೇ ಇಲ್ಲ. ಅವರವ್ವ ಬೆಳಗಿನ ಜಾವವೇ ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ, ಹೋಗುವಾಗ ಮಗನ ಕೈಗೆ ಐದು ರೂಪಾಯಿ ಕೊಡುತ್ತಾಳೆ. ಇದು ಗೊತ್ತಿದ್ದೂ ಹಾಗಂದೆ ನೋಡಿ.

ಬೈಯದೆ, ಕೈಕೆಲಸದಲ್ಲೇ ಇದನ್ನು ಹೇಗೆ ಕಲಿಸೋದು? ಬಿಸಿಯೂಟದ ಸಾಂಬಾರಿನ ತರಕಾರಿಯನ್ನೂ ತಟ್ಟೆಯ ಅಂಚಿಗೆ ಸಾಲು ಹಚ್ಚಿ ಬಿಡುತ್ತಾರೆ. ಖರ್ಚಿಲ್ಲದ್ದು ಹೇಳಿ, ದಯವಿಟ್ಟು.

ಸಿಂಧನೂರು_ಅಕ್ಕ

ಟೀಚರ್, ನಾನು ಅಂಗನವಾಡಿಯವಳು. ತರಕಾರಿ ಅಚ್ಚು ಮಾಡಿಸಿ. ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು ಬೀಳುತ್ತದೆ. ಹಾಗಲಕಾಯಿ ಒತ್ತಿದರೆ ಹಲ್ಲಿನ ಚಕ್ರ. ಬೀಟ್‌ರೂಟ್ ತುರಿದು ಹಿಂಡಿದರೆ ಬಣ್ಣವೂ ಸಿಕ್ಕಿತು. ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ, ಸೋಪಿನ ನೀರಲ್ಲಿ ಬೆರಳದ್ದಿ ಗೀಚಿಸಿ. ಹಳದಿ ಹೋಗಿ ಕೆಂಪಾಗುತ್ತದೆ. ಮಕ್ಕಳು ಕೂಗಾಡಿಬಿಡುತ್ತಾರೆ!

ಅಚ್ಚಿಗೆ ತುದಿಯ ತುಂಡು ಸಾಕು, ಉಳಿದದ್ದು ಅಡುಗೆಗೆ. ಮಧ್ಯಾಹ್ನ ಪಲ್ಯದಲ್ಲಿ ಬೆಂಡೆಕಾಯಿ ಕಂಡು "ನಮ್ಮ ಹೂ ಬಂತು" ಅಂತ ತಿಂದರು. ಎಲ್ಲರೂ ಅಲ್ಲ, ಸುಳ್ಳು ಯಾಕೆ ಹೇಳಲಿ. ಹಾಗಲಕಾಯಿಯನ್ನಂತೂ ಒಬ್ಬರೂ ಮುಟ್ಟಲಿಲ್ಲ. ಹೆಸರುಕಾಳು, ಮಡಕಿಕಾಳು ಅಂಟಿಸುವ ಕೆಲಸ ಮಾತ್ರ ಸಣ್ಣ ಮಕ್ಕಳಿಗೆ ಬೇಡ. ನಮ್ಮಲ್ಲಿ ಒಬ್ಬ ಮೂಗಿಗೆ ಹಾಕಿಕೊಂಡು ದೊಡ್ಡ ರಂಪಾಟವೇ ಆಯಿತು.

ಕಿನ್ನಾಳದ_ಕಡೆಯವ

ಅಂಟಿಗೆ ದುಡ್ಡು ಹಾಕಬೇಡಿ ಮೇಡಂ. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ನೀರು ಬೆರೆಸಿ ಗಂಜಿ ಥರ ಕಾಯಿಸಿ. ಹುರಿಯುವ, ಕಾಯಿಸುವ ಕೆಲಸ ದೊಡ್ಡವರೇ ಮಾಡಲಿ. ಕಿನ್ನಾಳ ಗೊಂಬೆ ಮಾಡುವವರು ಬಳಸೋದೂ ಹುಣಸೆ ಬೀಜದ ಅಂಟೇ. ಹಳೇ ಪೇಪರ್ ನೆನೆಸಿ ಹಿಂಡಿ ಇದಕ್ಕೆ ಕಲಸಿದರೆ ಬದನೆಕಾಯಿ, ಮೆಣಸಿನಕಾಯಿ ಏನು ಬೇಕಾದರೂ ಆಗುತ್ತದೆ. ಜಾಸ್ತಿ ಮಾಡಿಡಬೇಡಿ, ಬೇಗ ನಾರುತ್ತದೆ.

ಬಳ್ಳಾರಿ_ಅಮ್ಮ

ಸಂಜೆಯಾದರೆ ನಾವೇ ಮಿರ್ಚಿ ಮಂಡಕ್ಕಿಗೆ ಓಡುತ್ತೇವೆ, ಮಕ್ಕಳಿಗೆ ಯಾವ ಬಾಯಲ್ಲಿ ಹೇಳೋದು! ಪ್ಯಾಕೆಟ್ಟನ್ನು ಬೈದರೆ ಅದನ್ನು ಕೊಡಿಸಿದ ಅವ್ವನನ್ನೇ ಬೈದ ಹಾಗೆ ಆಗುತ್ತದೆ ಅಲ್ವಾ? ತಟ್ಟೆಯಲ್ಲಿ ಅದೂ ಇರಲಿ. ಪಕ್ಕದಲ್ಲಿ ಇನ್ನೇನು ಇಡ್ತೀಯಾ ಅಂತ ಕೇಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ತಟ್ಟೆಯ ಚಿತ್ರದಲ್ಲೂ ಅರ್ಧ ಭಾಗ ತರಕಾರಿ, ಹಣ್ಣು. ಮಣ್ಣಿನ ತಟ್ಟೆಗೆ ನಡುವೆ ಒಂದು ಗೆರೆ ಎಳೆದರೆ ಆಯಿತು.

ನನ್ನ ಮಗಳಿಗೆ ಬಣ್ಣದ ಕೂಲ್ ಡ್ರಿಂಕ್ಸ್ ಹುಚ್ಚು. ಬಾಟಲಿಯ ಹಿಂದೆ ಓದಿಸಿದೆ: 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. 250 ಮಿಲಿಗೆ ಸಣ್ಣ ಚಮಚದಲ್ಲಿ ಐದಾರು ಚಮಚ ಆಯಿತು. ಖಾಲಿ ಬಾಟಲಿಗೆ ಅವಳೇ ಅಳೆದು ಅಷ್ಟು ಬಿಳಿ ಮರಳು ಹಾಕಿದಳು. ನಾನು ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಟಿವಿ ಪಕ್ಕದಲ್ಲೇ ಇದೆ.

ನಲಿಕಲಿ_ಟೀಚರ್ (ಕೊಪ್ಪಳ)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅವತ್ತು ಮಾಡಿದ್ದಿ ನೋಡು, ಅದನ್ನ ನನಗೂ ಕಲಿಸು" ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಶುರು ಮಾಡಿದ. ಗೀರು ಹಾಕೋದು ಹೇಗೆ ಅಂತ ಕಡ್ಡಿ ಹಿಡಿದು ತೋರಿಸಿದ, ನಂದು ಸೊಟ್ಟಗಾಯಿತು ಅಂತ ನಕ್ಕ. ಪಕ್ಕದಲ್ಲಿ ಇನ್ನೇನು ಇಡ್ತೀಯಾ ಅಂದರೆ ಒಂದು ಮೊಟ್ಟೆ ಮಾಡಿಟ್ಟ. ಪ್ಯಾಕೆಟ್ ಯಾಕೋ ಹೋದ ಸಲಕ್ಕಿಂತ ದೊಡ್ಡದಾಗಿತ್ತು. ಕೇಳಿದೆ.

"ಇದು ಹತ್ತು ರೂಪಾಯಿದು ರೀ ಟೀಚರ್."

ಸೋಮವಾರ ಬೆಂಡೆಕಾಯಿ ತರುತ್ತೇನೆ.