ಉಬ್ಬಿದ ರೆಟಿನಾ: ತೂತಿನದೋ, ಒಸರಿದ ನೀರಿನದೋ?

ಡೊಂಬಿವಲಿ, ಆಪ್ಟೊಮೆಟ್ರಿ ಕೊನೆಯ ವರ್ಷ
ರೆಟಿನಾ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ಕಳಚುವುದರಲ್ಲಿ ಎಳೆತದಿಂದಾಗೋ ಟ್ರ್ಯಾಕ್ಷನಲ್ ಗುರುತು ಸಿಗುತ್ತೆ, ಒಳಬಾಗಿರುತ್ತೆ. ತೂತಿನಿಂದಾಗೋ ರೆಗ್ಮಟೋಜೀನಸ್, ನೀರು ಒಸರಿ ಆಗೋ ಎಕ್ಸುಡೇಟಿವ್ ಎರಡೂ ಉಬ್ಬಿಯೇ ಇರುತ್ತವಲ್ಲ, ಬೇರ್ಪಡಿಸೋದು ಹೇಗೆ?

ಪುಣೆ, ರೆಟಿನಾ ವಿಭಾಗ
ಆಕಾರ ಆಮೇಲೆ ನೋಡ್ರಿ. ಪಾಪೆ ಹಿಗ್ಗಿಸಿ, ಸ್ಲಿಟ್ ಲ್ಯಾಂಪಿನ (ಕಣ್ಣು ನೋಡೋ ಮೈಕ್ರೋಸ್ಕೋಪು) ಕಿರಿದಾದ ಬೆಳಕು ಲೆನ್ಸಿನ ಹಿಂದಕ್ಕ ಹಿಡೀರಿ. ಪೇಶಂಟಿಗೆ ಮೇಲೆ, ಕೆಳಗೆ, ಆಮೇಲೆ ನೇರ ನೋಡಲಿಕ್ಕೆ ಹೇಳ್ರಿ. ವಿಟ್ರಿಯಸ್‌ನಾಗ (ಕಣ್ಣೊಳಗ ತುಂಬಿರೋ ಲೋಳೆ) ತಂಬಾಕಿನ ಪುಡಿ ಹಂಗ ಕಣ ತೇಲಿದರ ಅದು ಶೇಫರ್ ಚಿಹ್ನೆ, ಎಲ್ಲೋ ತೂತು ಐತಿ ಅಂತಲೇ ತಿಳೀರಿ. ಹಿಂದೆ ಆಪರೇಷನ್, ಪೆಟ್ಟು ಆಗಿದ್ದರ ಮಾತ್ರ ಈ ಲೆಕ್ಕ ಪೂರಾ ನಂಬಬ್ಯಾಡ್ರಿ.

ತೂತು ಹುಡುಕಲಿಕ್ಕೆ ಇನ್‌ಡೈರೆಕ್ಟ್ (ತಲೆಗೆ ಕಟ್ಟಿಕೊಂಡು ರೆಟಿನಾ ನೋಡೋ ಉಪಕರಣ) ಬೇಕು, ಅಂಚು ಒತ್ತಿ ನೋಡಬೇಕು. ರೆಟಿನಾ ಮೇಲ್ಗಡೆ ಒಂದು ಬದಿಗೆ ಕಳಚಿ ಬಿಟ್ಟಿದ್ದರ, ಎತ್ತರದ ಅಂಚಿನಿಂದ ಗಡಿಯಾರದ ಒಂದೂವರೆ ತಾಸಿನಷ್ಟು ಅಂತರದೊಳಗ ಹೆಚ್ಚಾಗಿ ಸಿಗತೈತಿ. ಇದು ಲಿಂಕಾಫ್ ನಿಯಮ. ತೂತಿನದಾದರ ಮೇಲ್ಮೈ ಸುಕ್ಕುಸುಕ್ಕು, ಕಣ್ಣು ಆಡಿಸಿದರ ತೂಗಾಡತೈತಿ. ಹಳೇದಾದರ ಬಿರುಸಾಗಿ ಅಲುಗೋದಿಲ್ಲ, ಅಲ್ಲೇ ಮೋಸ ಹೋಗೋದು.

ಮಡಗಾಂವ್
ಎಕ್ಸುಡೇಟಿವ್ ಅನುಮಾನ ಬಂದರೆ ಮಲಗಿಸಿ ನೋಡಿ. ಕೂತಾಗ ಕೆಳಗಡೆ ಇದ್ದ ಉಬ್ಬು, ಅಂಗಾತ ಮಲಗಿಸಿ ಕೆಲವು ನಿಮಿಷ ಬಿಟ್ಟರೆ ಮ್ಯಾಕ್ಯುಲಾ (ರೆಟಿನಾದ ನಡುಭಾಗ, ಸ್ಪಷ್ಟ ನೋಟದ ಜಾಗ) ಕಡೆ ಸರಿಯುತ್ತದೆ. ಮೇಲ್ಮೈ ನುಣುಪು, ತೂತಿಲ್ಲ. ಇನ್ನು ಕಾರಣ ಹುಡುಕಬೇಕು: ಎರಡೂ ಕಣ್ಣಿಗೆ ಬಂದು, ತಲೆನೋವಿದ್ದು ಕಿವಿ ಗುಂಯ್ ಅನ್ನುತ್ತಿದ್ದರೆ ವಿಕೆಎಚ್ (ವೋಗ್ಟ್-ಕೊಯನಾಗಿ-ಹರಾಡಾ, ದೇಹದ ರೋಗನಿರೋಧಕ ಶಕ್ತಿಯೇ ಕಣ್ಣನ್ನು ಕಾಡುವ ಕಾಯಿಲೆ) ನೆನಪಾಗಲಿ, ಬಸುರಿಯಾದರೆ ಮೊದಲು ಬಿಪಿ, ಒಂದೇ ಕಣ್ಣಾದರೆ ಕೋರಾಯ್ಡ್ (ರೆಟಿನಾದ ಹಿಂದಿನ ರಕ್ತನಾಳಗಳ ಪದರ) ಗಡ್ಡೆ ಇಲ್ಲವೆಂದು ಖಾತ್ರಿಯಾಗಬೇಕು.

ಟ್ರ್ಯಾಕ್ಷನಲ್ ಅಷ್ಟು ಸುಲಭ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಒಳಬಾಗಿ ಬಿಗಿದಿದ್ದ ರೆಟಿನಾ ದಿಢೀರನೆ ಉಬ್ಬಿದರೆ, ಎಳೆತದ ಜೊತೆ ತೂತೂ ಸೇರಿದೆ.

ಡೊಂಬಿವಲಿ
ಲೆನ್ಸಿನ ಪೊರೆ ದಟ್ಟವಾಗಿದ್ದು, ಇಲ್ಲವೇ ಕಣ್ಣೊಳಗೆ ರಕ್ತ ತುಂಬಿ ಒಳಗೇನೂ ಕಾಣದಿದ್ದರೆ?

ಪುಣೆ
ಬಿ-ಸ್ಕ್ಯಾನ್, ಅಂದರ ಕಣ್ಣಿನ ಅಲ್ಟ್ರಾಸೌಂಡ್. ಪ್ರೋಬ್ ಇಟ್ಟು, ಕಣ್ಣು ಆಡಿಸಿ ತಟ್ಟನೆ ನಿಲ್ಲಿಸಲಿಕ್ಕೆ ಹೇಳ್ರಿ. ಹೊಸದಾಗಿ ಬಿಟ್ಟ ರೆಟಿನಾ ಆಮೇಲೂ ತುಸು ತೂಗತೈತಿ, ಬುಡ ಆಪ್ಟಿಕ್ ಡಿಸ್ಕಿಗೆ (ಕಣ್ಣಿನ ನರ ಹೊರಡೋ ಜಾಗ) ಅಂಟಿರತೈತಿ. ಗೇನ್ (ಪ್ರತಿಧ್ವನಿ ಹಿಗ್ಗಿಸಿ ತೋರಿಸೋ ಮಟ್ಟ) ಇಳಿಸಿದರೂ ಗೆರೆ ಉಳಿದರ ರೆಟಿನಾ, ಮಾಯ ಆದರ ಹೆಚ್ಚಾಗಿ ವಿಟ್ರಿಯಸ್ ಪೊರೆ. ಡಿಸ್ಕ್ ತನಕ ಬಾರದ ದಪ್ಪ ಗುಮ್ಮಟ ಕಂಡರ ಕಳಚಿದ್ದು ಕೋರಾಯ್ಡ್.

ಮಡಗಾಂವ್
ತೂತಿನ ಬಗೆಯಲ್ಲಿ ಮ್ಯಾಕ್ಯುಲಾ ಇನ್ನೂ ಅಂಟಿದ್ದರೆ ಅಂದೇ ಸರ್ಜನ್ ಹತ್ತಿರ ಕಳಿಸಿ. ಮುಂಬೈಯಲ್ಲಿ ರೆಟಿನಾ ಕೂಡಿಸಲು ಕಣ್ಣೊಳಗೆ ಗ್ಯಾಸ್ ಹಾಕಿಸಿಕೊಂಡು ಪುಣೆಗೆ ಹೊರಟವರಿದ್ದರೆ ಸರ್ಜನ್‌ರನ್ನು ಕೇಳದೆ ಬಿಡಬೇಡಿ: ಖಂಡಾಲಾ ಘಾಟ್ ಹತ್ತುವಾಗ ಹೊರಗಿನ ಗಾಳಿಯ ಒತ್ತಡ ಇಳಿದು ಗ್ಯಾಸಿನ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರಬಹುದು.